ಕೋಣನ ಕೆರೆಯಲ್ಲಿ ಒಂದು ಮೊಳ ಸುಳ್ಳು

ಅಸೂಟಿಯ ಗಾಳೆವ್ವ ಗುದ್ದಲಿ ಎತ್ತಿದರೆ ಭೂಮಿ ತಾನಾಗಿಯೇ ನಾಲ್ಕು ಬೆರಳು ಕೆಳಗೆ ಸರಿದು ಜಾಗ ಬಿಡುತ್ತಿತ್ತು. ನಂಬದವರು ರೋಣದಲ್ಲಿ ಬಸ್ಸು ಹತ್ತಿ ಅಸೂಟಿಗೆ ಹೋಗಿ ಯಾರನ್ನಾದರೂ ಕೇಳಬಹುದು. ಎಲ್ಲರೂ ಸುಳ್ಳು ಎನ್ನುತ್ತಾರೆ. ಅವರ ಮಾತು ನಂಬಬಾರದು.

ಆಕೆ ಈ ಐವತ್ತೆಂಟು ವರ್ಷದಲ್ಲಿ ಅಗೆದ ಮಣ್ಣನ್ನೆಲ್ಲ ಒಂದೇ ಕಡೆ ಸುರಿದಿದ್ದರೆ, ಗಜೇಂದ್ರಗಡದ ಗುಡ್ಡ ಅದರ ನೆರಳಿಗೆ ಬಂದು ಕುಂತು ಬುತ್ತಿ ಬಿಚ್ಚುತ್ತಿತ್ತು. ಬಾವಿ ಅಗೆದಳು. ಕಾಲುವೆ ಅಗೆದಳು. ಊರ ದೊಡ್ಡವರ ಮನೆಗೆ ಪಾಯ ಅಗೆದಳು. ಬಾವಿಗೆ ನೀರು ಬಿತ್ತು, ಆ ನೀರನ್ನು ಆಕೆ ಕುಡಿಯಲಿಲ್ಲ. ಪಾಯದ ಮೇಲೆ ಮನೆ ಎದ್ದಿತು, ಆ ಹೊಸ್ತಿಲನ್ನು ಆಕೆ ದಾಟಲಿಲ್ಲ. ದಾಟಬೇಡ ಎಂದು ಯಾರೂ ಹೇಳಲಿಲ್ಲ. ಹೇಳುವ ಪ್ರಸಂಗವೇ ಯಾರಿಗೂ ಬರಲಿಲ್ಲ.

ಹೂವಪ್ಪನ ಚಾದಂಗಡಿಯೂ ಹಾಗೆಯೇ. ಒಳಗೆ ಎರಡು ಬೆಂಚು, ಗಾಜಿನ ಲೋಟ. ಗಾಳೆವ್ವನ ಕೇರಿಯವರಿಗೆ ಹೊರಗಿನ ಕಟ್ಟೆ. ಮೊದಲೆಲ್ಲ ಹೊರಗೋಡೆಯ ಮೊಳೆಗೆ ಒಂದು ಪ್ಲಾಸ್ಟಿಕ್ ಲೋಟ ನೇತಾಡುತ್ತಿತ್ತು. ಕುಡಿದವರೇ ತೊಳೆದು ಮತ್ತೆ ನೇತುಹಾಕಬೇಕು. ಈಗ ಕಾಗದದ ಕಪ್ಪು ಬಂದಿದೆ. ಯಾಕೆಂದು ಕೇಳಿದರೆ ಹೂವಪ್ಪ ಎದೆ ಮುಟ್ಟಿಕೊಂಡು, "ಆರೋಗ್ಯದ ಸಲುವಾಗಿ, ಬೇ" ಎನ್ನುತ್ತಿದ್ದ. ಒಳಗಿನವರ ಆರೋಗ್ಯ ಎಷ್ಟು ಗಟ್ಟಿಯಿತ್ತೆಂದರೆ ಅವರಿಗೆ ಗಾಜು ಸಾಕಾಗುತ್ತಿತ್ತು.

ಆ ಕಟ್ಟೆಯ ಮೇಲೆ ಕುಂತು ಗಾಳೆವ್ವ ಏಳು ವರ್ಷದಿಂದ ಹೇಳುತ್ತಿದ್ದದ್ದು ಒಂದೇ ಕಥೆ. ಧಾರವಾಡ ದಾಟಿ, ಘಟ್ಟದ ಬಾಯಿಯಲ್ಲಿ ಕೋಣನಕಾನ ಎಂಬ ವನ್ಯಧಾಮವಿದೆ. ಅಲ್ಲಿ ಕಾಡುಕೋಣಗಳನ್ನು ಕಾಪಾಡುತ್ತಾರೆ. ಅವುಗಳಿಗೆ ಬೇಸಿಗೆಯಲ್ಲಿ ನೀರಿಲ್ಲವೆಂದು ಕೆರೆ ತೋಡಿಸಲು ಒಬ್ಬ ಗುತ್ತಿಗೆದಾರ ಅಸೂಟಿಯಿಂದ ಹದಿನಾಲ್ಕು ಹೆಂಗಸರನ್ನು ಕರೆದೊಯ್ದ. ಎಪ್ಪತ್ತು ದಿನ ಅಗೆದರು. ಅಸೂಟಿಯ ಎರೆಮಣ್ಣು ಬೆಣ್ಣೆ. ಅಲ್ಲಿನದು ಕೆಂಪು ಕಲ್ಲುಮಣ್ಣು. ಗುದ್ದಲಿ ಬಿದ್ದರೆ ಕಿಡಿ ಹಾರಿ, ಆ ಕಿಡಿಯಲ್ಲೇ ಹೆಂಗಸರು ಬೀಡಿ ಹಚ್ಚುತ್ತಿದ್ದರು. ಅಂಗೈ ಬೊಬ್ಬೆ ಒಡೆದು, ಒಡೆದ ಜಾಗದಲ್ಲಿ ಮತ್ತೆ ಬೊಬ್ಬೆ ಎದ್ದು, ಕೊನೆಗೆ ಚರ್ಮ ಎಮ್ಮೆಯ ತೊಗಲಾಯಿತು. ಹನುಮವ್ವ ಎಂಬಾಕೆಯ ಎರಡು ಉಗುರು ಅಲ್ಲೇ ಮಣ್ಣಲ್ಲಿ ಉಳಿದವು. ಬೆನ್ನು ನೆಟ್ಟಗಾಗದೆ ಮಲಗಿದರೆ ಬಿಲ್ಲು ಮಲಗಿದಂತೆ ಮಲಗುತ್ತಿದ್ದರು.

ಕೆಲಸ ಮುಗಿದ ದಿನ ಗುತ್ತಿಗೆದಾರನ ಮನುಷ್ಯ ಮೂಗಿಗೆ ಕರವಸ್ತ್ರ ಹಿಡಿದು ಬಂದ. "ನಾಳಿ ಕೆರಿಗೆ ನೀರ ಬಿಡ್ತಾರ. ಪ್ರಾಣಿ ಬರ್ತಾವ. ಇವತ್ತ ಜಾಗಾ ಖಾಲಿ ಮಾಡ್ರಿ. ನಿಮ್ಮ ಬೆವರಿನ ವಾಸನಿಗೆ ಅವು ಹತ್ರ ಬರಂಗಿಲ್ಲ."

ಹಿಂದಿನ ಗೇಟಿನಿಂದ ಲಾರಿ ಹತ್ತಿಸಿದರು. ಎಪ್ಪತ್ತು ದಿನದಲ್ಲಿ ಅವರು ಒಂದು ಕೋಣನ ಬಾಲವನ್ನೂ ಕಾಣಲಿಲ್ಲ.

"ಹಿಂಗಾಗಿ," ಎಂದು ಗಾಳೆವ್ವ ಕಥೆ ಮುಗಿಸುತ್ತಿದ್ದಳು, "ಅಲ್ಲಿ ಈಗ ಸಾವಿರ ಕೋಣ ನನ್ನ ಕೆರಿ ನೀರ ಕುಡಿತಾವ. ಒಂದಕ್ಕರೆ ನನ್ನ ಮಕ ಗೊತ್ತಿಲ್ಲ."

ಗಂಡ ಕಳಕಪ್ಪ ಆ ಹೊತ್ತಿಗೆ ತಪ್ಪದೆ ಕೆಮ್ಮುತ್ತಿದ್ದ. "ಅಲ್ಲ, ಕೋಣ ನೋಡೇ ಇಲ್ಲ ಅಂತಿ. ಮತ್ತ ತವರಮನಿ ತಂಬಿಗಿ ಎಲ್ಲೆ ಅಂದ್ರ ಕೋಣ ಒಯ್ತು ಅಂತಿ."

"ಕತ್ತಲಾಗ ಒಯ್ತು. ಮಕ ಕಾಣಲಿಲ್ಲ."

ಆ ತಂಬಿಗೆ ಗಾಳೆವ್ವನ ಮದುವೆಯಲ್ಲಿ ಅಣ್ಣ ಕೊಟ್ಟದ್ದು. ಸ್ಟೀಲಿನದು. ಎಲ್ಲರ ಮನೆಯ ಪಾತ್ರೆಯಂತೆ ಅದರ ಕೊರಳಿಗೂ ಚುಕ್ಕಿ ಚುಕ್ಕಿ ಹೊಡೆಸಿ ಹೆಸರು ಬರೆಸಿದ್ದರು. ಕಳಕಪ್ಪನಿಗೆ ಕೋಣನ ಮೇಲೆ ಏಳು ವರ್ಷದ ಹಗೆ.

ಒಂದು ದಿನ ಹೂವಪ್ಪ ಒಳಗಿನ ಬೆಂಚಿನವರನ್ನು ನಗಿಸಲು ಬಾಯಿ ಹಾಕಿದ. "ಏ ಗಾಳವ್ವಾ, ಹೊಲದಾಗಿನ ಕಸಾ ತಗ್ಯಾಕ ಉಸ್ ಅಂತಿ. ನೀ ಕೆರಿ ಅಗದಿ? ಅದು ಖರೇ ಆದ್ರ, ನಿನ್ನ ಒಳಗ ಕರದು, ಬೆಂಚಿನ ಮ್ಯಾಲ ಕುಂಡ್ರಿಸಿ, ಗಾಜಿನ ಲೋಟದಾಗ ಚಾ ಕೊಡ್ತೀನಿ. ಖೊಟ್ಟಿ ಆದ್ರ, ಈ ಕಟ್ಟಿ ಮ್ಯಾಲ ಮತ್ತ ಬಾಯಿ ತಗಿಬಾರದು."

ಬೆಂಚು ನಕ್ಕಿತು. ಕಟ್ಟೆ ನಗಲಿಲ್ಲ.

ಗಾಳೆವ್ವ ಕಾಗದದ ಕಪ್ಪನ್ನು ಮುಷ್ಟಿಯಲ್ಲಿ ಹಿಚುಕಿದಳು. ಅದು ಸಾಸಿವೆ ಕಾಳಿನಷ್ಟಾಯಿತು. "ಮೋದಿನಸಾಬಗ ಗಾಡಿ ಹೇಳು," ಎಂದಳು.

ಮೋದಿನಸಾಬ ಗಜೇಂದ್ರಗಡದ ಬಸ್‌ಸ್ಟ್ಯಾಂಡಿನ ಬದಿಯಲ್ಲಿ ಗಾಡಿ ನಿಲ್ಲಿಸುವವನು. ಹನ್ನೊಂದು ಸೀಟಿನ ಅವನ ಗಾಡಿಯಲ್ಲಿ ಅಂದು ಎಷ್ಟು ಮಂದಿ ಹತ್ತಿದರೆಂದರೆ, ನರಗುಂದ ದಾಟುವಾಗ ಒಳಗಿದ್ದವರು ಉಸಿರನ್ನು ಸರದಿಯ ಮೇಲೆ ಎಳೆದುಕೊಳ್ಳಬೇಕಾಯಿತು. ಹದಿನಾಲ್ಕರಲ್ಲಿ ಉಳಿದ ಹದಿಮೂರು ಹೆಂಗಸರೂ ಬಂದರು. ಹನುಮವ್ವ ಎರಡು ವರ್ಷದ ಹಿಂದೆ ತೀರಿಕೊಂಡಿದ್ದಳು. ಕಳಕಪ್ಪ ಬಂದ, ಕೋಣನಿಗೆ ಬೈಯಲು. ಹೂವಪ್ಪ ಅಂಗಡಿ ಮುಚ್ಚಿ ಬಂದ, ಸುಳ್ಳು ಒಡೆಯುವ ಸದ್ದು ಕಿವಿಯಾರೆ ಕೇಳಲು. ಗಾಳೆವ್ವನ ಪಕ್ಕದಲ್ಲಿ ಖಾಜಾಬಿ ಕುಂತಿದ್ದಳು. ಕೆರೆಯಲ್ಲಿ ಗಾಳೆವ್ವ ಅಗೆದರೆ ಪುಟ್ಟಿ ತುಂಬಿ ಹೊತ್ತವಳು ಅವಳು. ದಾರಿಯುದ್ದಕ್ಕೂ ಅವಳು ಗಾಳೆವ್ವನ ತೊಡೆ ಚಿವುಟುತ್ತಿದ್ದಳು.

"ಆ ಮಾತ ಮಾತ್ರ ತಗೀಬ್ಯಾಡ," ಎಂದು ಪಿಸುಗುಟ್ಟಿದಳು.

"ಯಾವ ಮಾತ?"

"ಗುಡ್ಡಿ ಮಾತ."

"ನಾ ಏನ್ ಹುಚ್ಚಿ ಏನ?" ಎಂದಳು ಗಾಳೆವ್ವ.

ಧಾಮದ ಮುಂದಿನ ಗೇಟಿನ ಮೇಲೆ ಸಿಮೆಂಟಿನ ಕೋಣ ನಿಂತಿತ್ತು. ಅದರ ಕೆಳಗೆ ರಾಯಣ್ಣ ಎಂಬ ಕಾವಲುಗಾರ. ಆತ ಗಾಡಿಯಿಂದ ಇಳಿದವರ ಸೀರೆ ನೋಡಿದ. ಕಾಲು ನೋಡಿದ. ಕೈ ನೋಡಿದ. ಕೈ ನೋಡಿದ ಮೇಲೆ ಅವನಿಗೆ ಅನುಮಾನವೇ ಉಳಿಯಲಿಲ್ಲ.

"ಕೆಲಸದವರ ಗೇಟ ಹಿಂದ ಐತಿ. ಹೋಗ್ರಿ."

"ಕೆಲಸಕ್ಕ ಬಂದಿಲ್ಲೋ ತಮ್ಮಾ. ನೋಡಾಕ ಬಂದೇವಿ."

"ನೋಡಾಕ? ಏನ ನೋಡಾಕ?"

"ಕೋಣನ್ನ," ಎಂದಳು ಗಾಳೆವ್ವ. "ನೀ ಸ್ವಲ್ಪ ಸರದ ನಿಂತ್ರ ಖರೇ ಕೋಣ ಕಾಣತೈತಿ."

ದುಡ್ಡು ಕೊಟ್ಟು ಕೊಂಡ ಒಳಹೋಗುವ ಚೀಟಿ ತೋರಿಸಿದ ಮೇಲೂ ಅವನು ಎರಡು ತಾಸು ಬಿಸಿಲಲ್ಲಿ ನಿಲ್ಲಿಸಿದ. ಹಿಂದೆ ಬಂದ ಕಾರುಗಳು ಮುಂದೆ ಹೋದವು. ಕಾರಿನಲ್ಲಿ ಬಂದವರ ಚಿಪ್ಸು ಒಳಗೆ ಹೋಯಿತು. ಅಸೂಟಿಯವರ ರೊಟ್ಟಿ ಗಂಟು ಮಾತ್ರ ಗೇಟಿನಲ್ಲೇ ಉಳಿಯಬೇಕೆಂದ.

"ನಿಮ್ಮ ಬಳ್ಳೊಳ್ಳಿ ಚಟ್ನಿ ವಾಸನಿಗೆ ಪ್ರಾಣಿ ಬೆದರತಾವ."

ಗಾಳೆವ್ವ ಹಿಂತಿರುಗಿ ಖಾಜಾಬಿಯನ್ನು ನೋಡಿದಳು. ಏಳು ವರ್ಷದಲ್ಲಿ ವಾಸನೆ ಬೆವರಿನಿಂದ ಚಟ್ನಿಗೆ ಸರಿದಿತ್ತು. ಮೂಗು ಅದೇ ಇತ್ತು.

ಕೊನೆಗೆ ಒಂದು ತೆರೆದ ಗಾಡಿ ಬಂತು. ಅದರಲ್ಲಿ ಗೌತಮಿ ಎಂಬ ಹುಡುಗಿ, ಬಂದವರಿಗೆ ಕಾಡಿನ ವಿವರ ಹೇಳುವುದು ಅವಳ ಕೆಲಸ. ಕೈಯಲ್ಲಿ ಧ್ವನಿವರ್ಧಕ ಹಿಡಿದು ಪಾಠ ಒಪ್ಪಿಸುವಂತೆ ಒಪ್ಪಿಸಿದಳು. ಕಾಡುಕೋಣಕ್ಕೆ ಕಾನೂನಿನ ರಕ್ಷಣೆ ಇದೆ. ಅದನ್ನು ಬೆದರಿಸುವಂತಿಲ್ಲ. ಅದು ಹೋಗುವ ದಾರಿಗೆ ಅಡ್ಡ ನಿಲ್ಲುವಂತಿಲ್ಲ. ಅದರ ವಿಶ್ರಾಂತಿಯ ಸಮಯದಲ್ಲಿ ಗದ್ದಲ ಮಾಡುವಂತಿಲ್ಲ.

ಖಾಜಾಬಿ ನಿಟ್ಟುಸಿರು ಬಿಟ್ಟಳು. "ಯಾ ಅಲ್ಲಾ, ಮುಂದಿನ ಜನ್ಮ ಅಂತ ಒಂದ ಇದ್ರ ಇಲ್ಲೇ ಕೋಣ ಮಾಡು."

ಕೆರೆ ಬಂತು. ಗಾಳೆವ್ವನ ಕಣ್ಣಿಗೆ ಅದು ಸಮುದ್ರದ ತಂಗಿಯಂತೆ ಕಂಡಿತು. ಬೇಸಿಗೆಯಾಗಿ ನೀರು ಮೊಣಕಾಲಿನ ಮಟ್ಟಕ್ಕೆ ಇಳಿದಿತ್ತು. ಆಚೆ ದಡದಲ್ಲಿ ಹನ್ನೆರಡು ಕೋಣಗಳು. ಮುಂದಿನದು ಎಷ್ಟು ದೊಡ್ಡದೆಂದರೆ ಅದರ ಮುಖ ಒಂದು ತಾಲೂಕಿನಲ್ಲಿ, ಬಾಲ ಇನ್ನೊಂದು ತಾಲೂಕಿನಲ್ಲಿ. ಕಪ್ಪು ಮೈ. ನಾಲ್ಕು ಕಾಲಿಗೂ ಮೊಣಕಾಲತನಕ ಬಿಳಿ.

"ಏ, ಕಾಲಚೀಲ ಹಾಕ್ಕೊಂಡಾವು!" ಎಂದ ಕಳಕಪ್ಪ. "ಇಂಗ್ಲೀಷ್ ಸಾಲಿ ಹುಡುಗ್ರಂಗ." ಆಮೇಲೆ ಹಗೆ ನೆನಪಾಗಿ ಹುಬ್ಬು ಗಂಟಿಕ್ಕಿ, ಅವುಗಳಲ್ಲಿ ತಂಬಿಗೆಗಳ್ಳ ಯಾವುದೆಂದು ಒಂದೊಂದನ್ನೇ ನೋಡತೊಡಗಿದ.

ಕೆರೆಯ ನಡುವೆ ಒಂದು ಗುಡ್ಡೆ ಎದ್ದು ನಿಂತಿತ್ತು. ಆಳೆತ್ತರ. ನೆತ್ತಿಯ ಮೇಲೆ ಹುಲ್ಲು. ದಡದಲ್ಲಿ ಒಂದು ಹಸಿರು ಫಲಕ. ಗೌತಮಿ ಅದನ್ನು ನೋಡಿ ಓದಿದಳು:

"ನಿಸರ್ಗದತ್ತ ಸರೋವರ. ಮಾನವನ ಕೈ ಸೋಂಕದೆ ಸಾವಿರಾರು ವರ್ಷಗಳಿಂದ ಕಾಡುಕೋಣಗಳ ದಾಹ ತಣಿಸುತ್ತಿದೆ. ನಡುವಿನ ದ್ವೀಪವೂ ನಿಸರ್ಗದ ಕೈಚಳಕ."

ಹೂವಪ್ಪ ನಕ್ಕ. ಆ ನಗೆಗೆ ಮರದ ಮೇಲಿನ ಮಂಗ ಕೈತಪ್ಪಿ ಕೆಳಗೆ ಬಿತ್ತು.

"ಸಾವಿರ ವರ್ಷ! ಗಾಳವ್ವಾ, ನಿನ್ನ ವಯಸ್ಸ ಇಷ್ಟ ಆಗಿರಬೇಕಂತ ನಾ ತಿಳದಿರಲಿಲ್ಲ ನೋಡ!"

"ಯವ್ವಾ," ಎಂದಳು ಗಾಳೆವ್ವ ಗೌತಮಿಗೆ, "ಅದು ದ್ವೀಪ ಅಲ್ಲ. ನಾವು ಬಿಟ್ಟ ಸಾಕ್ಷಿಗುಡ್ಡಿ."

ಮಣ್ಣು ಕೆಲಸ ಮಾಡಿದವರಿಗೆ ಸಾಕ್ಷಿಗುಡ್ಡೆ ಗೊತ್ತು. ಕೆರೆ ಅಗೆಯುವಾಗ ನಡುವೆ ಒಂದು ಕಂಬದಷ್ಟು ನೆಲ ಅಗೆಯದೆ ಬಿಡುತ್ತಾರೆ. ಅದರ ನೆತ್ತಿಯ ಮೇಲಿನ ಹುಲ್ಲು ಮೊದಲಿನ ನೆಲದ ಗುರುತು. ಸಾಹೇಬರು ಬಂದು ತಳದಿಂದ ಹುಲ್ಲಿನವರೆಗೆ ಪಟ್ಟಿ ಹಿಡಿದರೆ ಎಷ್ಟು ಆಳ ಅಗೆದರೆಂದು ತಿಳಿಯುತ್ತದೆ, ಕೂಲಿಯೂ ಆ ಆಳದ ಲೆಕ್ಕಕ್ಕೇ. ಅಳತೆ ಮುಗಿದ ಮೇಲೆ ಗುಡ್ಡೆ ಕೆಡವಬೇಕು. ಇವರಿಗೆ ಕೆಡವಲು ಬಿಡದೆ, ವಾಸನೆಯೆಂದು ಓಡಿಸಿದ್ದರು.

"ನನಗ ಗೊತ್ತಿಲ್ರಿ ಅಜ್ಜಿ," ಎಂದಳು ಗೌತಮಿ. "ಬರದದ್ದ ಓದತೀನಿ ಅಷ್ಟ."

"ಬರದದ್ದು ಸುಳ್ಳು."

"ಬರದದ್ದ ಸುಳ್ಳು, ಬಾಯಿ ಮಾತ ಖರೇ!" ಎಂದ ಹೂವಪ್ಪ. "ಸಾಕ್ಷಿ ಏನೈತಿ ಬೇ? ಗುಡ್ಡಿಗೆ ಬಾಯಿ ಐತೇನ?"

ಗಾಳೆವ್ವನ ಕಿವಿ ಕೆಂಪಾದವು. ಉಗುರು ಕಳೆದುಕೊಂಡ ಹನುಮವ್ವ ನೆನಪಾದಳು. ಬಿಲ್ಲಿನಂತೆ ಮಲಗಿದ ಹದಿನಾಲ್ಕು ಬೆನ್ನು ನೆನಪಾದವು. ಮಾನವನ ಕೈ ಸೋಂಕದೆ! ಅಂಗೈ ತೆರೆದು ನೋಡಿಕೊಂಡಳು. ಇದು ಮಾನವನ ಕೈ ಅಲ್ಲವಾದರೆ ಯಾರದು?

ಸಾಕ್ಷಿ ಇತ್ತು. ಆದರೆ ಅದನ್ನು ತೆಗೆದರೆ ಏಳು ವರ್ಷದ ಹೆಚ್ಚುಗಾರಿಕೆ ಮಣ್ಣುಪಾಲು. ಖಾಜಾಬಿ ಜೋರಾಗಿ ತಲೆಯಾಡಿಸಿದಳು. ಬೇಡ, ಬೇಡ.

ಗಾಳೆವ್ವ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಗಾಡಿಯಿಂದ ಜಿಗಿದಳು.

"ಅಜ್ಜಿ! ಇಳಿಬಾರದ್ರಿ!" ಎಂದು ಗೌತಮಿ ಧ್ವನಿವರ್ಧಕದಲ್ಲೇ ಚೀರಿದಳು. ಹನ್ನೆರಡು ಕೋಣಗಳು ತಲೆಯೆತ್ತಿದವು. ಹೂವಪ್ಪ ಸೀಟಿನ ಕೆಳಗೆ ಹೋದ. ಆ ಸೀಟಿನ ಕೆಳಗೆ ಬೆಕ್ಕು ಕೂಡ ಹಿಡಿಸುತ್ತಿರಲಿಲ್ಲ. ಹೂವಪ್ಪ ಹಿಡಿಸಿದ.

ಗಾಳೆವ್ವ ನೀರಿಗಿಳಿದಳು. ದೊಡ್ಡ ಕೋಣ ಎರಡು ಹೆಜ್ಜೆ ಮುಂದೆ ಬಂತು. ಮೂಗು ಎತ್ತಿ ಗಾಳಿ ಮೂಸಿತು. ಬೆವರು, ಬಳ್ಳೊಳ್ಳಿ ಚಟ್ನಿ, ಅಸೂಟಿಯ ಎರೆಮಣ್ಣು, ಎಲ್ಲ ವಾಸನೆಯೂ ಒಟ್ಟಿಗೇ ಹೋಗಿರಬೇಕು. ಗಾಳೆವ್ವ ನಿಂತಳು. ಮನೆಯ ಎಮ್ಮೆಗೆ ಹೇಳುವ ದನಿಯಲ್ಲೇ ಹೇಳಿದಳು.

"ಹೈ, ಹೈ. ಕುಡಿಯವ್ವಾ ಕುಡಿ. ನಿನಗಂತನ ಅಗದದ್ದು."

ಕೋಣ ಒಂದು ಗಳಿಗೆ ಆಕೆಯನ್ನು ನೋಡಿತು. ಆಮೇಲೆ ತಲೆ ಬಗ್ಗಿಸಿ ನೀರು ಕುಡಿಯಿತು. ಒಂದೇ ಗುಟುಕಿಗೆ ಕೆರೆ ಒಂದು ಗೇಣು ಇಳಿಯಿತು. ದಾಟಲು ಗಾಳೆವ್ವನಿಗೆ ಸುಲಭವೇ ಆಯಿತು.

ಗುಡ್ಡೆ ಹತ್ತಿ, ನೆತ್ತಿಯ ಹುಲ್ಲಿಗೆ ಕೈ ಹಾಕಿ, ನಾಯಿ ಕೆದರಿದಂತೆ ಎರಡೂ ಕೈಯಿಂದ ಕೆದರಿದಳು. ಅಷ್ಟರಲ್ಲಿ ಧೂಳೆಬ್ಬಿಸುತ್ತ ಜೀಪು ಬಂತು. ಧಾಮದ ಸಾಹೇಬ ಅಜಯಕುಮಾರ ಇಳಿದ. ಕಪ್ಪು ಕನ್ನಡಕ, ಕಬ್ಬಿಣದಂತೆ ಗರಿಗರಿ ಅಂಗಿ.

"ಯಾರಮ್ಮ ಅದು? ಇಳಿ ಕೆಳಗೆ! ಇದು ಸಂರಕ್ಷಿತ ಪ್ರದೇಶ! ಕೇಸು ಹಾಕುತ್ತೇನೆ!"

ಗಾಳೆವ್ವ ಒಂದು ಮೊಳ ಆಳದಿಂದ ಏನನ್ನೋ ಕಿತ್ತಳು. ಸೆರಗಿನಿಂದ ಒರೆಸಿದಳು. ಬಿಸಿಲಿಗೆ ಅದು ಹೊಳೆಯಿತು. ಆ ಹೊಳಪಿಗೆ ಹುಬ್ಬಳ್ಳಿಯ ಜನ ಕಣ್ಣು ಮುಚ್ಚಿಕೊಂಡರಂತೆ.

ತಂಬಿಗೆ!

ಆಕೆ ದಡಕ್ಕೆ ಬಂದು ಅದನ್ನು ಸಾಹೇಬನ ಮುಖದ ಮುಂದೆ ಹಿಡಿದಳು. ಕೊರಳಿನ ಸುತ್ತ ಚುಕ್ಕಿ ಅಕ್ಷರ. ಗೌತಮಿ ಬಗ್ಗಿ ಓದಿದಳು. ಅವಳ ಕೈಯಲ್ಲಿ ಧ್ವನಿವರ್ಧಕ ಇನ್ನೂ ಚಾಲೂ ಇತ್ತು. ಕಾಡೆಲ್ಲ ಕೇಳಿತು: "ಗಾಳೆವ್ವ, ಕಳಕಪ್ಪ, ಅಸೂಟಿ."

"ಕೋಣ ಒಯ್ತು ಅಂದಿ!" ಎಂದು ಕಳಕಪ್ಪ ಗಾಡಿಯಿಂದ ಕೂಗಿದ.

"ಕೋಣನ ಕೆರ್ಯಾಗ ಇತ್ತಲ್ಲ! ಭಾಳ ಸುಳ್ಳೇನ ಹೇಳಿಲ್ಲ!"

ಆಮೇಲೆ ಆಕೆ ಸಾಹೇಬನ ಕಡೆ ತಿರುಗಿದಳು. ಉಸಿರು ಎಳೆದುಕೊಂಡಳು.

"ಸಾಹೇಬ್ರ, ನಿಮ್ಮ ಸಾವಿರ ವರ್ಷದ ದ್ವೀಪದಾಗ ನನ್ನ ತಂಬಿಗಿ ಹ್ಯಾಂಗ ಬಂತ ಕೇಳ್ರಿ. ಅಳತಿ ದಿನ ನಾವು ಕಳ್ಳತನ ಮಾಡೇವಿ. ಗುಡ್ಡಿ ಮ್ಯಾಲಿನ ಹುಲ್ಲ ಚಾಪಿಗತೆ ಎತ್ತಿ, ಕೆಳಗ ಒಂದು ಮೊಳ ಮಣ್ಣ ತುಂಬಿ, ಮತ್ತ ಹುಲ್ಲ ಹೊಚ್ಚಿದ್ವಿ. ಆಳ ಜಾಸ್ತಿ ಕಾಣಲಿ ಅಂತ. ಹುಲ್ಲ ಬಾಡಬಾರದಂತ ನಾ ತಂಬಿಗಿ ತಗೊಂಡ ನೀರ ಹಾಕಾಕ ಹತ್ತಿದ್ದೆ. ಅಳತಿ ಸಾಹೇಬ್ರ ಬಂದೇ ಬಿಟ್ರು. ತಂಬಿಗಿ ಎಲ್ಲಿ ಮುಚ್ಚಿಡ್ಲಿ? ಹುಲ್ಲಿನ ಬುಡಕ ತುರುಕಿ ಮ್ಯಾಲ ಕುಂತೆ. ಒಂದು ಮೊಳ ನಮ್ಮ ಸುಳ್ಳು. ಅದರ ಕೆಳಗಿನದೆಲ್ಲ ನಮ್ಮ ಖರೇ."

ಖಾಜಾಬಿ ಹಣೆ ಚಚ್ಚಿಕೊಂಡಳು. ಉಳಿದ ಹನ್ನೊಂದು ಹೆಂಗಸರು ನೆಲ ನೋಡಿದರು. ಆಮೇಲೆ ಒಬ್ಬೊಬ್ಬರೇ ತಲೆಯೆತ್ತಿದರು.

"ಆಯ್ತು, ಆಯ್ತು," ಎಂದ ಸಾಹೇಬ. ಅವನ ದನಿ ಸ್ವಲ್ಪ ಸಣ್ಣದಾಗಿತ್ತು. ಬೇರೆ ಗಾಡಿಗಳ ಜನ ಮೊಬೈಲು ಎತ್ತಿ ಹಿಡಿದಿದ್ದರು. "ತಂಬಿಗೆ ತೆಗೆದುಕೊಂಡು ಹೋಗಿ. ಈ ಸಲ ಕ್ಷಮಿಸಿದ್ದೇನೆ."

"ಮಾಫಿ ಬ್ಯಾಡ್ರಿ."

"ಮತ್ತೇನು ಬೇಕು?"

"ಕೇಸ್ ಬೇಕ್ರಿ."

ಸಾಹೇಬ ಕನ್ನಡಕ ತೆಗೆದ. ಅವನ ಇಡೀ ನೌಕರಿಯಲ್ಲಿ ಯಾರೂ ಕೇಸನ್ನು ಹೀಗೆ ಕೇಳಿ ಪಡೆದಿರಲಿಲ್ಲ.

"ಕೇಸ್ ಹಾಕ್ತೀನಿ ಅಂದ್ರಲ್ಲ. ಹಾಕ್ರಿ. ಏನ್ ಮಾಡಿದ್ರು, ಎಲ್ಲಿ ಮಾಡಿದ್ರು, ಯಾವಾಗ ಮಾಡಿದ್ರು, ಎಲ್ಲಾ ಬರೀರಿ. ಈ ಕೆರಿ ಅಸೂಟಿ ಹದಿನಾಲ್ಕ ಹೆಣ್ಮಕ್ಕಳು ಅಗದಾರ, ಅಗದು ಒಂದು ಮೊಳ ಮೋಸ ಮಾಡ್ಯಾರ ಅಂತ. ಮ್ಯಾಲ ಸರಕಾರದ ಸಿಕ್ಕಾ ಒತ್ರಿ."

"ಅದೆಲ್ಲ ಬರೆಯೋಕಾಗೋದಿಲ್ಲ. ಗಾಡಿಯಿಂದ ಇಳಿದದ್ದಕ್ಕೆ ಬೇಕಾದರೆ ಬರೆಯುತ್ತೇನೆ."

"ಯಾಕ ಇಳದ್ಲು ಅಂತ ಬರೀಬೇಕಲ್ರಿ? ತಂಬಿಗಿ ತಗ್ಯಾಕ. ತಂಬಿಗಿ ಎಲ್ಲಿತ್ತು? ಗುಡ್ಡಿ ಒಳಗ. ಗುಡ್ಡಿ ಒಳಗ ಯಾರಿಟ್ರು? ಬರೀರಿ, ಬರೀರಿ. ನಾ ಅಗದಾಕಿ. ಬುಡ ಮುಟ್ಟುತನಕ ಬಿಡಂಗಿಲ್ಲ."

ಸಾಹೇಬನಿಗೆ ಗುಂಡಿ ಕಾಣಿಸಿತು. ಬರೆದರೆ ಫಲಕ ಸುಳ್ಳಾಗುತ್ತದೆ. ಬರೆಯದಿದ್ದರೆ ಈ ಹೆಂಗಸು ಬಿಡುವುದಿಲ್ಲ. ಅವನು ಗಾಡಿ ಹತ್ತಿಸಿ ಎಲ್ಲರನ್ನೂ ಗೇಟಿಗೆ ಕಳಿಸಿದ. ಅಲ್ಲಿ ಅವರು ಇಳಿದು, ಸಿಮೆಂಟಿನ ಕೋಣನ ಕೆಳಗೆ, ಮುಂದಿನ ಗೇಟಿನ ನಟ್ಟನಡುವೆ ಕುಂತರು. ರೊಟ್ಟಿ ಗಂಟು ಬಿಚ್ಚಿದರು. ಬಳ್ಳೊಳ್ಳಿ ಚಟ್ನಿಯ ಡಬ್ಬಿಯನ್ನು ಬಾಯಿ ತೆರೆದು ಇಟ್ಟರು. ಒಳಗಿನ ಕಾರು ಹೊರಗೆ ಬರಲಿಲ್ಲ, ಹೊರಗಿನದು ಒಳಗೆ ಹೋಗಲಿಲ್ಲ. ಸಾಲು ಧಾರವಾಡ ಮುಟ್ಟಿ, ಅಲ್ಲಿಂದ ತಿರುಗಿ ಮತ್ತೆ ಗೇಟಿಗೆ ಬಂತು.

"ಹಿಂದಿನ ಗೇಟಿಗೆ ಹೋಗಿ ಕುಂಡ್ರಿ!" ಎಂದ ರಾಯಣ್ಣ.

"ಆ ಗೇಟ ನೋಡೇವಿ," ಎಂದಳು ಖಾಜಾಬಿ, ರೊಟ್ಟಿ ಮುರಿಯುತ್ತ. "ಭಾಳ ಚಲೋ ಐತಿ. ಈಗ ನೀನೂ ಒಮ್ಮೆ ಹೋಗಿ ನೋಡಿ ಬಾ."

"ಜೈಲಿಗೆ ಹೋಗ್ತೀರಿ!" ಎಂದು ಸಾಹೇಬ ಗುಡುಗಿದ.

"ಅದರ ಪಾಯಾನೂ ನಾವ ಅಗದೇವ್ರಿ," ಎಂದಳು ಗಾಳೆವ್ವ. "ಒಳಗ ಹೆಂಗ ಆಗೇತಿ ನೋಡಿಲ್ಲ. ಕರಕೊಂಡ ಹೋಗ್ರಿ."

ಮೂರು ತಾಸಾಯಿತು. ಕಾರುಗಳು ಹಾರನ್ನು ಬಾರಿಸಿ ಬಾರಿಸಿ ಗಂಟಲು ಕೆಡಿಸಿಕೊಂಡವು. ಕೊನೆಗೆ ಸಾಹೇಬ ಮೇಜು ತರಿಸಿ, ಕಾಗದ ತರಿಸಿ, ಪೆನ್ನಿನ ಮುಚ್ಚಳ ಕಚ್ಚಿ ತೆಗೆದ.

"ಹೆಸರು ಹೇಳಿ."

ಖಾಜಾಬಿ ಮುನ್ನುಗ್ಗಿದಳು. "ಮೊದಲ ನಂದ ಬರೀರಿ. ಹುಲ್ಲ ಎತ್ತಿದಾಕಿ ನಾ."

"ಮಣ್ಣ ಹೊತ್ತಾಕಿ ನಾ, ನಂದು ಬರೀರಿ!" ಎಂದಳು ಇನ್ನೊಬ್ಬಳು. ಆರೋಪಿಯಾಗಲು ನೂಕುನುಗ್ಗಲಾಯಿತು. ನಾಚಿ ನೆಲ ನೋಡಿದ್ದ ಹೆಂಗಸರೇ ಈಗ ಅಪ್ಪನ ಹೆಸರು, ಗಂಡನ ಹೆಸರು, ಮನೆಯ ನಂಬರು ಸಹಿತ ಬರೆಸಿದರು. ಕಳಕಪ್ಪ ಕೂಡ ಸಾಲಿನಲ್ಲಿ ನಿಂತ. ಅವನನ್ನು ಎಳೆದು ಹಾಕಿದರು. ಹದಿಮೂರು ಹೆಸರು ಆದವು.

"ಇನ್ನೊಂದು ಬರೀರಿ," ಎಂದಳು ಗಾಳೆವ್ವ. "ಹನುಮವ್ವ."

"ಎಲ್ಲಿದ್ದಾಳೆ?"

"ಸತ್ತಾಳ್ರಿ."

"ಸತ್ತವರ ಮೇಲೆ ಕೇಸು ಹಾಕಲು ಬರುವುದಿಲ್ಲ."

"ಆಕಿ ಸತ್ತಾಳ. ಆಕಿ ಅಗದದ್ದು ಸತ್ತಿಲ್ಲ. ಆಕಿ ಎರಡ ಉಗುರು ಇನ್ನೂ ಆ ಕೆರ್ಯಾಗ ಅದಾವ. ಬರೀರಿ."

ಸಾಹೇಬ ಬರೆದ.

ಊರಿಗೆ ಬಂದ ಮೇಲೆ ಹೂವಪ್ಪ ಮೆಲ್ಲಗೆ ಜಾರಿಕೊಂಡ. "ಬರದದ್ದ ಖರೇ, ಆದ್ರ ಸಿಕ್ಕಾ ಬೀಳಬೇಕಲ್ಲ. ನೋಟಿಸ್ ಬರಲಿ ತಡಿ," ಎಂದ. ಮರುದಿನವೂ ಕಾಗದದ ಕಪ್ಪೇ ಕೊಟ್ಟ. ಗಾಳೆವ್ವ ಅದನ್ನು ಮುಟ್ಟಲಿಲ್ಲ. ಕೇರಿಯವರಾರೂ ಮುಟ್ಟಲಿಲ್ಲ. ಚಾ ಕಟ್ಟೆಯ ಮೇಲೆಯೇ ಆರಿತು. ಹೀಗೆ ನಲವತ್ತು ದಿನ ಆರಿತು. ಆ ನಲವತ್ತು ದಿನ ಅಸೂಟಿಯ ಇರುವೆಗಳಿಗೆಲ್ಲ ಚಾದ ಚಟ ಹತ್ತಿತು.

ನಲವತ್ತೊಂದನೆಯ ದಿನ ಅಂಚೆಯವನು ಬಂದ. ಅಸೂಟಿಯ ಟಪಾಲೆಲ್ಲ ಇಳಿಯುವುದು ಹೂವಪ್ಪನ ಅಂಗಡಿಯಲ್ಲೇ. ಉದ್ದನೆಯ ಕಂದು ಲಕೋಟೆ. ಊರೇ ಸೇರಿತು. ಓದಲು ಕನ್ನಡಕ ಇದ್ದದ್ದು ಹೂವಪ್ಪನಿಗೆ ಮಾತ್ರ.

"ಓದು," ಎಂದಳು ಗಾಳೆವ್ವ.

ಹೂವಪ್ಪ ಕನ್ನಡಕ ಏರಿಸಿ ಓದಿದ. "ಸದರಿ ಕೋಣನಕಾನ ವನ್ಯಧಾಮದ ಕೆರೆಯನ್ನು ಈ ಕೆಳಗೆ ಕಾಣಿಸಿದ ಅಸೂಟಿ ಗ್ರಾಮದ ಆರೋಪಿಗಳು ಎಪ್ಪತ್ತು ದಿನಗಳ ಕಾಲ ಗುದ್ದಲಿ ಪುಟ್ಟಿಗಳಿಂದ ಅಗೆದು ನಿರ್ಮಿಸಿದ್ದು, ಅಳತೆಯ ಕಾಲಕ್ಕೆ ಒಂದು ಮೊಳ ಹೆಚ್ಚಿಗೆ ತೋರಿಸಿರುತ್ತಾರೆ. ವಿಚಾರಣೆಗಾಗಿ ಆರೋಪಿಗಳು ಮುಂದಿನ ಸೋಮವಾರ ಧಾಮದ ಮುಖ್ಯ ದ್ವಾರದ ಮೂಲಕ..."

"ಯಾವ ದ್ವಾರ?" ಎಂದಳು ಖಾಜಾಬಿ.

"ಮುಖ್ಯ."

"ಇನ್ನೊಮ್ಮೆ ಓದು."

"ಮುಖ್ಯ ದ್ವಾರದ ಮೂಲಕ ಹಾಜರಾಗತಕ್ಕದ್ದು." ಕೆಳಗೆ ಹದಿನಾಲ್ಕು ಹೆಸರು. ಅದರ ಕೆಳಗೆ ನೇರಳೆ ಸಿಕ್ಕಾ, ರೊಟ್ಟಿಯಷ್ಟು ಅಗಲ.

ಕೇರಿಯಲ್ಲಿ ಹಬ್ಬದಂತೆ ಹಲಿಗೆ ಬಾರಿಸಿದರು. ಹೆಸರು ಬಾರದ ಹೆಂಗಸರು ಮುಖ ಊದಿಸಿಕೊಂಡರು. ಮುಂದಿನ ಸಲ ಅಪರಾಧಕ್ಕೆ ಹೋಗುವಾಗ ತಮ್ಮನ್ನೂ ಕರೆಯಬೇಕೆಂದರು.

ಆ ಗದ್ದಲದಲ್ಲಿ ಗಾಳೆವ್ವ ಕಟ್ಟೆ ಇಳಿದಳು. ಚಾದಂಗಡಿಯ ಹೊಸ್ತಿಲ ಮುಂದೆ ನಿಂತಳು. ಆ ಹೊಸ್ತಿಲು ಎರಡು ಬೆರಳಿನ ಎತ್ತರವಿತ್ತು. ಈ ಕಥೆಯಲ್ಲಿ ಬರುವ ಗುಡ್ಡ, ಗೋಡೆ, ಗುಡ್ಡೆ ಯಾವುದೂ ಅದಕ್ಕಿಂತ ಎತ್ತರವಲ್ಲ. ಆಕೆ ಕಾಲೆತ್ತಿ ಒಳಗಿಟ್ಟಳು. ಬೆಂಚಿನ ಮೇಲೆ ಕುಂತಳು. ಅಲ್ಲಿದ್ದವರು ಸರಿದರು. ಇಬ್ಬರು ಎದ್ದು ಹೋದರು. ಹೋಗಲಿ, ಜಾಗ ಬೇಕಾಗಿತ್ತು. ಹಿಂದೆಯೇ ಹನ್ನೆರಡು ಹೆಂಗಸರು ಬಂದು ಕುಂತರು.

"ಹದಿನಾಲ್ಕು ಚಾ," ಎಂದಳು ಗಾಳೆವ್ವ.

"ಹದಿಮೂರ ಮಂದಿ ಅದೀರಿ," ಎಂದ ಹೂವಪ್ಪ ಸಣ್ಣ ದನಿಯಲ್ಲಿ.

"ನೋಟಿಸ್ ನೋಡು."

ಹೂವಪ್ಪ ಹದಿನಾಲ್ಕು ಗಾಜಿನ ಲೋಟ ತುಂಬಿದ. ಹದಿಮೂರನ್ನು ಅವರು ಕುಡಿದರು, ಊದಿ ಊದಿ, ಸದ್ದು ಮಾಡಿ. ಒಂದು ಹಾಗೇ ಹೊಗೆಯಾಡುತ್ತ ಬೆಂಚಿನ ತುದಿಯಲ್ಲಿ ಇತ್ತು. ಅದು ಆರುವವರೆಗೂ ಯಾರೂ ಏಳಲಿಲ್ಲ.

ಆಮೇಲೆ ಎದ್ದರು. ಗಾಳೆವ್ವ ತಂಬಿಗೆ ಕಂಕುಳಲ್ಲಿ ಇಟ್ಟುಕೊಂಡಳು. ಹೂವಪ್ಪ ಬೆಂಚಿನ ಕಡೆ ನೋಡಿದ, ಹೊರಗಿನ ನಳದ ಕಡೆ ನೋಡಿದ.

"ಗಾಳವ್ವಾ, ಲೋಟ..."

"ಲೋಟಕ್ಕ ಏನಾಗೇತಿ?"

ಹೂವಪ್ಪ ಹೆಗಲ ಮೇಲಿನ ವಸ್ತ್ರ ತೆಗೆದ.

ಹದಿನಾಲ್ಕು ಲೋಟ. ಅವನೇ ತೊಳೆದ. ಈ ಮಾತಿಗೆ ಮಾತ್ರ ಒಂದು ಮೊಳವೂ ಸೇರಿಸಿಲ್ಲ.